ಟವೆಲ್ಲಿನ ಕೆಳಗಿನ ವ್ಯಾಪಾರ

ಯಲಹಂಕದ ಸುತ್ತಮುತ್ತ ಮಾಂಸದಂಗಡಿಗಳ ಬಾಗಿಲು ಬಿತ್ತೆಂದರೆ ಏರ್ ಷೋ ಹತ್ತಿರ ಬಂತೆಂದು ಲೆಕ್ಕ. 2023ರಲ್ಲೂ 2025ರಲ್ಲೂ ಪಾಲಿಕೆ ಹೊರಡಿಸಿದ ಆದೇಶದ ತಿರುಳು ಒಂದೇ: ಅಲ್ಲಿನ ವಾಯುನೆಲೆಯಿಂದ ಮೊದಲ ಸಲ 10, ಎರಡನೆಯ ಸಲ 13 ಕಿಲೋಮೀಟರ್ ಒಳಗೆ ಕೋಳಿ, ಕುರಿ, ಮೀನು ಮಾರುವಂತಿಲ್ಲ, ಹೋಟೆಲಿನಲ್ಲಿ ಬಡಿಸುವಂತೆಯೂ ಇಲ್ಲ. ಕಾರಣ ಹದ್ದು. ತಿಪ್ಪೆಗೆ ಎಸೆದ ಕರುಳು ಕಂಡರೆ ಹದ್ದು ಇಳಿಯುತ್ತದೆ. ತಿಂದು ಏರಿದ ಹದ್ದು ಯುದ್ಧವಿಮಾನದ ಎಂಜಿನ್ನಿನ ಬಾಯಿಗೆ ಸಿಕ್ಕರೆ ಯಂತ್ರಕ್ಕೂ ಅದರೊಳಗಿನ ಮನುಷ್ಯನಿಗೂ ಅಪಾಯ. ಐದು ದಿನದ ಪ್ರದರ್ಶನಕ್ಕೆ ವಾರಗಟ್ಟಲೆ ಕದ ಹಾಕಿ ಕೂರುವ ಬಾಗಲೂರಿನ ಕೋಳಿ ಅಂಗಡಿಯವನಿಂದ ಹಿಡಿದು ಪ್ಯಾರಿಸ್ಸಿನ ಅಧ್ಯಕ್ಷರ ಭವನದವರೆಗೆ ಒಂದೇ ದಾರ ಹಬ್ಬಿದೆ. ಆ ದಾರವನ್ನು ನಾನು ಮೊದಲು ಕಂಡದ್ದು 2011ರ ಫೆಬ್ರವರಿಯಲ್ಲಿ.

ಬಳ್ಳಾರಿ ರಸ್ತೆ, ಹುಣಸಮಾರನಹಳ್ಳಿಯ ಆಚೆ. ಟಿಕೆಟ್ಟಿಲ್ಲದ ಜನವೆಲ್ಲ ರಸ್ತೆ ಬದಿಯಲ್ಲೇ ನೆರೆದಿದ್ದರು. ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಮಗು, ಟೆಂಪೋದ ತಲೆಯ ಮೇಲೆ ಹುಡುಗರು, ಕಾಂಪೌಂಡಿನ ಗೋಡೆಯ ಮೇಲೆ ಕಾಲು ಇಳಿಬಿಟ್ಟ ಹೆಂಗಸರು. ಕಡಲೆಕಾಯಿ, ಸೌತೆಕಾಯಿ, ಕಬ್ಬಿನ ಹಾಲು. ಬೆಟ್ಟಹಲಸೂರಿನ ಕಲ್ಲುಬಂಡೆಗಳ ಕಡೆಯಿಂದ ಒಣ ಗಾಳಿ. ಆಕಾಶ ಬಿಳಿಚಿಕೊಂಡು ಖಾಲಿಯಾಗಿತ್ತು. ಆಮೇಲೆ ಒಂದು ತ್ರಿಕೋನ, ಸದ್ದೇ ಇಲ್ಲದೆ ನಮ್ಮ ಕಡೆ ತಿರುಗಿತು. ಅದು ತಲೆಯ ಮೇಲೆ ಹಾದು ಹೋದ ಮೇಲೆಯೇ ಗುಡುಗು ಬಂದದ್ದು. ನಿಂತಿದ್ದ ಕಾರುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಸದ್ದು ಕಿವಿಗೆ ಬೀಳುವ ಮೊದಲು ಎದೆಯ ಗೂಡಿಗೆ ಬಡಿಯಿತು. ಮಗುವೊಂದು ಅಳಲೋ ನಗಲೋ ತಿಳಿಯದೆ ಬಾಯಿ ತೆರೆದೇ ಇತ್ತು.

ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಕತ್ತೆತ್ತದೆಯೇ, ಸದ್ದು ಕೇಳಿಯೇ, "ಎರಡು ಎಂಜಿನ್ನು. ಫ್ರಾನ್ಸಿಂದು" ಅಂದರು. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು, ಜಾಗ್ವಾರ್ ಯುದ್ಧವಿಮಾನ ಬಂದ ಕಾಲಕ್ಕೆ ಸೇರಿದವರು, ಆಗಷ್ಟೇ ನಿವೃತ್ತರಾಗಿದ್ದವರು. ಊರು ದೊಡ್ಡಬಳ್ಳಾಪುರದ ಕಡೆ. "ಘಾಟಿ ಜಾತ್ರೆ ನೋಡಿದೀರಾ ಸಾರ್?" ಎಂದು ಕೇಳಿದರು. "ಎತ್ತಿನ ಜೋಡೀನ ಬಯಲಲ್ಲಿ ಓಡಿಸ್ತಾರೆ, ಹಲ್ಲು ತೋರಿಸ್ತಾರೆ, ಸುಳಿ ತೋರಿಸ್ತಾರೆ. ಅದೆಲ್ಲ ಎಲ್ರೂ ನೋಡ್ಲಿ ಅಂತ. ರೇಟು ಮಾತ್ರ ಟವೆಲ್ ಕೆಳಗೆ. ಇವನು ಅವನ ಬೆರಳು ಹಿಡೀತಾನೆ, ಅವನು ಇವನ ಬೆರಳು ಹಿಡೀತಾನೆ. ಪಕ್ಕದಲ್ಲಿ ನಿಂತೋನಿಗೂ ಗೊತ್ತಾಗಲ್ಲ. ಇದೂ ಅಷ್ಟೇ ಸಾರ್."

ಆ ಮಧ್ಯಾಹ್ನ ಯಲಹಂಕದ ಬಯಲಿನಲ್ಲಿ ಓಡಿದ ಜೋಡಿಗಳು ಸಾಮಾನ್ಯದವಲ್ಲ. ಭಾರತ 126 ಯುದ್ಧವಿಮಾನ ಕೊಳ್ಳಲು 2007ರ ಆಗಸ್ಟಿನಲ್ಲಿ ಟೆಂಡರ್ ಕರೆದಿತ್ತು. ಆರು ವಿಮಾನಗಳು ಕಣಕ್ಕಿಳಿದಿದ್ದವು. ಅಮೆರಿಕದವು ಎರಡು, ರಷ್ಯಾದ್ದು ಒಂದು, ಉಳಿದ ಮೂರು ಯುರೋಪಿನವು: ಫ್ರಾನ್ಸಿನ ರಫೇಲ್, ಸ್ವೀಡನ್ನಿನ ಗ್ರಿಪೆನ್, ನಾಲ್ಕು ದೇಶಗಳ ಯುರೋಫೈಟರ್ ಟೈಫೂನ್. ಬೆಂಗಳೂರಿನ ಹವೆಯಲ್ಲಿ, ಜೈಸಲ್ಮೇರಿನ ಬಿಸಿಲಿನಲ್ಲಿ, ಲೇಹದ ಹತ್ತು ಸಾವಿರ ಅಡಿ ಎತ್ತರದ ತೆಳುಗಾಳಿಯಲ್ಲಿ ಇವುಗಳ ಪರೀಕ್ಷೆ ಮುಗಿದು ತೀರ್ಪಿಗೆ ಕಾಯುತ್ತಿದ್ದ ಹೊತ್ತು ಅದು. ರನ್‌ವೇ ಬದಿಯ ಅತಿಥಿ ಮಂಟಪಗಳಲ್ಲಿ ಸೂಟು ತೊಟ್ಟವರು ಸಮವಸ್ತ್ರದವರಿಗೆ ಬಾಗಿ ಬಾಗಿ ಮಾತಾಡುತ್ತಿದ್ದರು. ಯುರೋಪಿನ ಮೂರೂ ವಿಮಾನಗಳು ನೋಡಲು ದಾಯಾದಿಗಳಂತೆ: ತ್ರಿಕೋನದ ರೆಕ್ಕೆ, ಮೂತಿಯ ಬಳಿ ಎರಡು ಪುಟ್ಟ ಮುಂರೆಕ್ಕೆ. ಹೆಸರುಗಳು ಮಾತ್ರ ಬೇರೆ. ರಫೇಲ್ ಎಂದರೆ ಬಿರುಗಾಳಿಯ ಬೀಸು. ಟೈಫೂನ್ ಎಂದರೆ ಚಂಡಮಾರುತ. ಗ್ರಿಪೆನ್ ಎಂದರೆ ಹದ್ದಿನ ತಲೆ, ಸಿಂಹದ ಮೈಯುಳ್ಳ ಕಲ್ಪನೆಯ ಪ್ರಾಣಿ. ನಮ್ಮ ರಾಜ್ಯಲಾಂಛನದ ಗಂಡಭೇರುಂಡಕ್ಕೂ ಶರಭಕ್ಕೂ ನೆಂಟನಾಗಬಹುದಾದ ಜೀವ.

ದಾಯಾದಿಗಳೆಂದದ್ದು ಬರಿಯ ಹೋಲಿಕೆಗಲ್ಲ. ರಫೇಲ್ ಮತ್ತು ಟೈಫೂನ್ ಒಂದೇ ಹೊಟ್ಟೆಯಲ್ಲಿ ಹುಟ್ಟಬೇಕಿದ್ದವು. 1980ರ ದಶಕದ ಆರಂಭದಲ್ಲಿ ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್, ಫ್ರಾನ್ಸ್ ಐದೂ ಸೇರಿ ಒಂದೇ ವಿಮಾನ ಕಟ್ಟುವ ಮಾತು ನಡೆದಿತ್ತು. ಫ್ರಾನ್ಸಿಗೆ ಹಡಗಿನ ಮೇಲಿಳಿಯುವಂಥ ಹಗುರ ವಿಮಾನ ಬೇಕಿತ್ತು, ಜೊತೆಗೆ ನಕ್ಷೆಯ ಯಜಮಾನಿಕೆಯೂ ಬೇಕಿತ್ತು. 1985ರ ಆಗಸ್ಟಿನಲ್ಲಿ ಮನೆ ಒಡೆಯಿತು. ಮರುವರ್ಷ ಜುಲೈ 4ರಂದು ರಫೇಲಿನ ಮೊದಲ ಮಾದರಿ ಹಾರಿತು. ಉಳಿದ ನಾಲ್ವರ ಟೈಫೂನ್ ಹಾರಿದ್ದು 1994ರಲ್ಲಿ. ಟೈಫೂನಿನ ಹುಟ್ಟಿನಲ್ಲೇ ಆಸ್ತಿ ಪಾಲಾದ ಗುರುತಿದೆ. ಎಡರೆಕ್ಕೆ ಇಟಲಿಯದು, ಬಲರೆಕ್ಕೆ ಸ್ಪೇನಿನದು, ನಡುವಿನ ಮೈ ಜರ್ಮನಿಯದು, ಮೂತಿ ಬ್ರಿಟನ್ನಿನದು. ಹೀಗೆ ಹಂಚಿ ಮಾಡಿದ ಭಾಗಗಳನ್ನು ತಂದು ಜೋಡಿಸಲು ಒಂದೇ ಕಾರ್ಖಾನೆ ಸಾಕಿತ್ತು. ಆದರೆ ನಾಲ್ಕೂ ದೇಶಗಳಲ್ಲಿ ನಾಲ್ಕು ಜೋಡಣೆ ಸಾಲುಗಳಿವೆ: ವಾರ್ಟನ್, ಮಾಂಚಿಂಗ್, ಟುರಿನ್ ಹತ್ತಿರದ ಕಾಸೆಲೆ, ಮ್ಯಾಡ್ರಿಡ್ ಹತ್ತಿರದ ಹೆತಾಫೆ. ಪ್ರತಿ ಊರಿನಲ್ಲೂ ಕೆಲಸಗಾರರಿದ್ದಾರೆ, ಪ್ರತಿ ಊರಿಗೂ ಮತದಾರರಿದ್ದಾರೆ.

ಈ ಊರುಗಳನ್ನು ತಿಳಿದುಕೊಳ್ಳದೆ ಈ ಸಂತೆ ಅರ್ಥವಾಗುವುದಿಲ್ಲ. ಫ್ರಾನ್ಸಿನ ನೈಋತ್ಯಕ್ಕೆ, ದ್ರಾಕ್ಷಿತೋಟಗಳ ಬೋರ್ಡೊ ನಗರದ ಅಂಚಿಗೆ ಮೆರಿನ್ಯಾಕ್ ಇದೆ. ಡಸಾಲ್ಟ್ ಕಂಪನಿ ರಫೇಲ್ ಜೋಡಿಸುವುದು ಅಲ್ಲಿ. ಈ ಕಂಪನಿ ಕಟ್ಟಿದ ಮಾರ್ಸೆಲ್ ಬ್ಲಾಕ್ ನಾಜಿಗಳ ಬೂಕನ್‌ವಾಲ್ಡ್ ಸೆರೆಶಿಬಿರದಿಂದ ಬದುಕಿ ಬಂದ ಎಂಜಿನಿಯರ್. ಪ್ರತಿರೋಧ ಚಳವಳಿಯಲ್ಲಿ ಅಣ್ಣನಿಗಿದ್ದ ಗುಪ್ತನಾಮವನ್ನೇ ಯುದ್ಧದ ನಂತರ ಕುಟುಂಬದ ಹೆಸರಾಗಿಸಿಕೊಂಡವರು. ರಫೇಲಿನ ಹಿಂದೆ ಸುಮಾರು 500 ಕಂಪನಿಗಳು, 7,000 ಉದ್ಯೋಗಗಳು ಇವೆಯೆಂದು ಡಸಾಲ್ಟ್ ಹೇಳುತ್ತ ಬಂದಿದೆ. 2010ರ ಆಸುಪಾಸಿನಲ್ಲಿ ಆ ಸಾಲಿನಿಂದ ಹೊರಬೀಳುತ್ತಿದ್ದದ್ದು ವರ್ಷಕ್ಕೆ 11 ವಿಮಾನ. ಅದಕ್ಕಿಂತ ಕಡಿಮೆಯಾದರೆ ಸಾಲು ಸಾಯುತ್ತದೆ. ವಿಮಾನದ ವೆಲ್ಡಿಂಗ್, ರಿವೆಟ್, ತಂತಿಯ ಜಡೆ ಇವೆಲ್ಲ ಕೈಗೆ ಹತ್ತಲು ವರ್ಷಗಳು ಬೇಕು. ಒಮ್ಮೆ ಕೆಲಸ ಬಿಟ್ಟು ಹೋದ ಕೈಯನ್ನು ಮತ್ತೆ ಕರೆತರಲಾಗದು. ತನ್ನ ವಾಯುಪಡೆಗೆ ಅಷ್ಟನ್ನೂ ಕೊಳ್ಳಲು ಫ್ರಾನ್ಸಿಗೆ ಹಣವಿರಲಿಲ್ಲ. 2014ರಿಂದ ಆರು ವರ್ಷಕ್ಕೆ 26 ರಫೇಲ್ ಸಾಕು, ಉಳಿದವನ್ನು ಹೊರಗಿನವರು ಕೊಳ್ಳಲಿ ಎಂದು ಅದು ಬಜೆಟ್ ಬರೆಯಿತು. ಆ ಬಜೆಟ್ ಬರೆದಾಗ ಹೊರದೇಶವೊಂದೂ ಒಂದೂ ರಫೇಲ್ ಕೊಂಡಿರಲಿಲ್ಲ.

ಯುರೋಪ್ ತನ್ನ ಮನೆಯಂಗಳದಲ್ಲೇ ಸೋತದ್ದು ಇದರ ಹಿಂದಿನ ದೊಡ್ಡ ನೋವು. 1975ರ ಜೂನಿನಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್, ಡೆನ್ಮಾರ್ಕ್, ನಾರ್ವೆ ನಾಲ್ಕೂ ಒಟ್ಟಿಗೆ ಫ್ರಾನ್ಸಿನ ಮಿರಾಜನ್ನೂ ಸ್ವೀಡನ್ನಿನ ವಿಗ್ಗೆನ್ನನ್ನೂ ಬದಿಗಿಟ್ಟು ಅಮೆರಿಕದ ಎಫ್-16 ಆರಿಸಿಕೊಂಡವು. ಶತಮಾನದ ವ್ಯಾಪಾರವೆಂದು ಪತ್ರಿಕೆಗಳು ಕರೆದದ್ದು ಅದನ್ನೇ. ಮೂರು ನಾಲ್ಕು ದಶಕ ಕಳೆದ ಮೇಲೆ ಆ ಎಫ್-16ಗಳು ಹಳತಾದಾಗ ಅದೇ ನಾಲ್ಕು ದೇಶಗಳು ಮತ್ತೆ ಅಮೆರಿಕದ ಎಫ್-35 ಕಡೆಗೇ ಹೋದವು. ಪೋಲೆಂಡ್, ಫಿನ್ಲೆಂಡ್, ಸ್ವಿಟ್ಜರ್ಲೆಂಡ್ ಸಾಲಿಗೆ ಸೇರಿದವು. ಟೈಫೂನಿನ ಪಾಲುದಾರ ಜರ್ಮನಿಯೇ 2022ರಲ್ಲಿ 35 ಎಫ್-35ಗಳಿಗೆ ಕೈ ಹಾಕಿತು. ನೆರೆಯವನು ಕೊಳ್ಳದಿದ್ದರೆ ಸರಕು ಹೊತ್ತುಕೊಂಡು ದೂರದ ಊರಿಗೆ ಹೋಗಲೇಬೇಕು. ರಿಯಾದ್, ಕೈರೋ, ಬ್ರೆಸೀಲಿಯಾ, ಬ್ಯಾಂಕಾಕ್, ಯಲಹಂಕ.

ಹೊರಡುವ ಮೊದಲು ಸರಕು ಹರಡುವ ಜಾಗ ಪ್ಯಾರಿಸ್ಸಿನ ಹೊರವಲಯದ ಲೆ ಬೂರ್ಜೆ. 1927ರ ಮೇ 21ರ ರಾತ್ರಿ ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ದಾಟಿಬಂದ ಲಿಂಡ್‌ಬರ್ಗ್ ಇಳಿದದ್ದು ಅದೇ ನೆಲದಲ್ಲಿ. ಎರಡು ವರ್ಷಕ್ಕೊಮ್ಮೆ ಜೂನಿನಲ್ಲಿ ಅಲ್ಲಿ ಜಗತ್ತಿನ ಅತಿ ದೊಡ್ಡ ವಿಮಾನಸಂತೆ ಕೂಡುತ್ತದೆ. ನಡುವಿನ ವರ್ಷಗಳ ಜುಲೈನಲ್ಲಿ ಇಂಗ್ಲೆಂಡಿನ ಫಾರ್ನ್‌ಬರೊ ಸರದಿ. ಯಂತ್ರದ ಹೊಟ್ಟೆಯ ಕೆಳಗೆ ಅದು ಹೊರಬಲ್ಲ ಕ್ಷಿಪಣಿ, ಬಾಂಬುಗಳನ್ನು ಅರ್ಧಚಂದ್ರಾಕಾರವಾಗಿ ಜೋಡಿಸಿಡುತ್ತಾರೆ. ಬೊಂಬೆ ಹಬ್ಬದಲ್ಲಿ ಮೆಟ್ಟಿಲ ಮೇಲೆ ಬೊಂಬೆ ಜೋಡಿಸಿದಷ್ಟೇ ನಾಜೂಕು. ಹುಲ್ಲು ಕತ್ತರಿಸಿರುತ್ತದೆ, ಪ್ರತಿ ಕ್ಷಿಪಣಿಯ ಮುಂದೆ ಹೆಸರಿನ ಫಲಕ. 2025ರ ಜೂನಿನಲ್ಲಿ ಆ ಸಂತೆಯಲ್ಲಿ ಬೆಳಗಾಗುವಷ್ಟರಲ್ಲಿ ಕಪ್ಪು ಗೋಡೆಗಳು ಎದ್ದಿದ್ದವು. ಗಾಜಾದ ಸಾವುಗಳ ನಡುವೆ ದಾಳಿಯ ಆಯುಧ ಇಡಬಾರದೆಂದು ಹೇಳಿದ್ದ ಫ್ರಾನ್ಸ್ ಸರ್ಕಾರ ಇಸ್ರೇಲಿ ಕಂಪನಿಗಳ ಮಳಿಗೆಗಳನ್ನು ರಾತ್ರೋರಾತ್ರಿ ಮರೆಮಾಡಿತ್ತು. ತಮ್ಮ ಪೈಪೋಟಿ ತಪ್ಪಿಸಲು ಹೂಡಿದ ನೆಪವಿದು ಎಂದು ಇಸ್ರೇಲ್ ದೂರಿತು. ಗಾಜಾಕ್ಕಾಗಿ ಎತ್ತಿದ ಗೋಡೆ ಸರಿಯೆಂದೇ ನನ್ನ ಭಾವನೆ. ಆದರೆ ಯೆಮನ್‌ಗಾಗಿ ಅಲ್ಲಿ ಯಾರೂ ಗೋಡೆ ಎತ್ತಲಿಲ್ಲ.

ಯೆಮನ್ ಮಾತು ಬಂದಮೇಲೆ ಸೌದಿಯ ಮಾತು ಬರಲೇಬೇಕು, ಅಲ್ಲಿಯೇ ಟವೆಲ್ಲು ಅತ್ಯಂತ ದಪ್ಪವಾಗಿರುವುದು. 1985ರಲ್ಲಿ, ಥ್ಯಾಚರ್ ಪ್ರಧಾನಿಯಾಗಿದ್ದಾಗ, ಬ್ರಿಟನ್ ಸೌದಿ ಅರೇಬಿಯಾಕ್ಕೆ ಟಾರ್ನೆಡೊ ಯುದ್ಧವಿಮಾನಗಳನ್ನು ಮಾರುವ ಅಲ್ ಯಮಾಮಾ ಒಪ್ಪಂದ ಮಾಡಿಕೊಂಡಿತು. ಬೆಲೆಯನ್ನು ಹಣದಲ್ಲಲ್ಲ, ಎಣ್ಣೆಯಲ್ಲಿ ತೆತ್ತರು: ದಿನಕ್ಕೆ ಆರು ಲಕ್ಷ ಬ್ಯಾರೆಲ್‌ವರೆಗೂ ಕಚ್ಚಾತೈಲ. ಮಧ್ಯವರ್ತಿಗಳಿಗೆ ಹರಿದ ಹಣದ ಜಾಡು ಹಿಡಿದು ಬ್ರಿಟನ್ನಿನ ಗಂಭೀರ ವಂಚನೆ ತನಿಖಾ ಕಚೇರಿ ಹೊರಟಿತು. ತನಿಖೆ ಬಿಗಿಯಾಗುತ್ತಿದ್ದಂತೆ 2006ರ ಡಿಸೆಂಬರಿನಲ್ಲಿ ದೇಶದ ಭದ್ರತೆಯ ಕಾರಣ ಕೊಟ್ಟು ಅದನ್ನು ನಿಲ್ಲಿಸಿದರು. ಪ್ರಧಾನಿ ಟೋನಿ ಬ್ಲೇರ್ ಬಹಿರಂಗವಾಗಿಯೇ ಅದನ್ನು ಸಮರ್ಥಿಸಿಕೊಂಡರು. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ 72 ಟೈಫೂನ್‌ಗಳಿಗೆ ಸೌದಿ ಸಹಿ ಹಾಕಿತು. 2010ರಲ್ಲಿ, ಈ ವಿಮಾನಗಳನ್ನು ಮಾರಿದ ಬಿಎಇ ಕಂಪನಿ ಅಮೆರಿಕದ ನ್ಯಾಯಾಲಯದಲ್ಲಿ ಸುಳ್ಳು ಹೇಳಿಕೆಯ ಆರೋಪವೊಂದನ್ನು ಒಪ್ಪಿಕೊಂಡು 40 ಕೋಟಿ ಡಾಲರ್ ದಂಡ ಕಟ್ಟಿತು. 2015ರಿಂದ ಆ ಟೈಫೂನ್‌ಗಳು ಯೆಮನ್ ಮೇಲೆ ಹಾರಿದವು. ಅಲ್ಲಿ ಸುರಿದ ಬಾಂಬಿನ ಕೆಳಗೆ ಇದ್ದವರು ನಮ್ಮಂತೆಯೇ ಮದುವೆಗೆ ನೆರೆದವರು, ಮಾರುಕಟ್ಟೆಗೆ ಹೋದವರು. ಸೌದಿ ಕೂಟದ ವಾಯುದಾಳಿಗಳಿಗೆ ಮದುವೆ ಚಪ್ಪರವೂ ಸಂತೆಯೂ ಬಲಿಯಾದ ದಾಖಲೆಗಳಿವೆ. ವಿಮಾನದ ಚೆಲುವನ್ನು ಬಣ್ಣಿಸುವ ಯಾರೂ ಇದನ್ನು ಬಿಟ್ಟು ಬರೆಯಬಾರದು.

2018ರ ಅಕ್ಟೋಬರಿನಲ್ಲಿ ಪತ್ರಕರ್ತ ಜಮಾಲ್ ಖಶೋಗ್ಗಿ ಇಸ್ತಾಂಬುಲ್‌ನ ಸೌದಿ ದೂತಾವಾಸದ ಒಳಗೆ ಕೊಲೆಯಾದರು. ಜರ್ಮನಿ ಸೌದಿಗೆ ಆಯುಧ ಮಾರಾಟ ನಿಲ್ಲಿಸಿತು. ಆಗ ಟೈಫೂನಿನ ಕೂಡುಕುಟುಂಬದ ಗುಣ ಬಯಲಾಯಿತು: ನಾಲ್ವರಲ್ಲಿ ಒಬ್ಬ ಬೇಡವೆಂದರೂ ಮಾರುವಂತಿಲ್ಲ. ಬ್ರಿಟನ್ ವರ್ಷಗಟ್ಟಲೆ ಬೇಡಿಕೊಂಡಿತು. 2024ರ ಜನವರಿಯಲ್ಲಿ ಜರ್ಮನಿ ತನ್ನ ವಿರೋಧ ಕೈಬಿಟ್ಟಿತು. ತುರ್ಕಿಗೂ ಹೀಗೇ ತಡೆಯಿತ್ತು. ಅದೂ ತೆರವಾಗಿ 2025ರ ಅಕ್ಟೋಬರ್ 27ರಂದು ಅಂಕಾರಾದಲ್ಲಿ 20 ಟೈಫೂನ್‌ಗಳಿಗೆ, 800 ಕೋಟಿ ಪೌಂಡಿಗೆ, ಸಹಿ ಬಿತ್ತು. ಬ್ರಿಟನ್ನಿನ ಪ್ರಧಾನಿ ಸ್ಟಾರ್ಮರ್ ಅಲ್ಲಿಂದಲೇ ತಮ್ಮ ದೇಶದ 20,000 ಉದ್ಯೋಗಗಳ ಲೆಕ್ಕ ಹೇಳಿದರು. ಕೊಂಡವರ ಯುದ್ಧದ ಮಾತಿಗಿಂತ ಮಾರಿದವರ ಉದ್ಯೋಗದ ಮಾತೇ ಈ ಸಂತೆಯಲ್ಲಿ ಜಾಸ್ತಿ ಕೇಳುತ್ತದೆ.

ರಫೇಲಿಗೆ ಮೊದಲ ಬೋಣಿಯಾದದ್ದು 2015ರ ಫೆಬ್ರವರಿಯಲ್ಲಿ, ಕೈರೋದಲ್ಲಿ. ಮೊದಲ ಹಾರಾಟದಿಂದ ಲೆಕ್ಕ ಹಾಕಿದರೆ 29 ವರ್ಷ ಕಾದ ಬೋಣಿ. ಅಷ್ಟರೊಳಗೆ ದಕ್ಷಿಣ ಕೊರಿಯಾ, ಸಿಂಗಪುರ, ಮೊರಾಕೊ, ಬ್ರೆಜಿಲ್ ಒಂದೊಂದಾಗಿ ಕೈ ತಪ್ಪಿದ್ದವು. ಈಜಿಪ್ಟ್ 24 ಕೇಳಿತು. ದುಡ್ಡಿನ ದೊಡ್ಡ ಪಾಲಿಗೆ ಫ್ರಾನ್ಸ್ ಸರ್ಕಾರದ್ದೇ ಖಾತರಿಯ ಸಾಲ. ಈಜಿಪ್ಟಿಗೆ ವಿಮಾನ ಬೇಗ ಬೇಕಿತ್ತು. ಆಗಸ್ಟಿನಲ್ಲಿ ಸೂಯೆಜ್ ಕಾಲುವೆಯ ವಿಸ್ತರಣೆಯ ಉದ್ಘಾಟನೆ ಇತ್ತು. ಫ್ರಾನ್ಸ್ ತನ್ನ ಸ್ವಂತ ವಾಯುಪಡೆಗೆಂದು ಮಾಡಿದ್ದ ಮೂರನ್ನು ಜುಲೈನಲ್ಲಿ ಈಜಿಪ್ಟಿನ ಬಣ್ಣ ಬಳಿದು ಕೊಟ್ಟಿತು. ಆಗಸ್ಟ್ 6ರಂದು ಅಧ್ಯಕ್ಷ ಸೀಸಿ ಅಲ್ ಮಹ್ರೂಸಾ ಎಂಬ ಹಳೆಯ ರಾಜನೌಕೆಯ ಮೇಲೆ ಸಮವಸ್ತ್ರ ತೊಟ್ಟು ನಿಂತು ಕಾಲುವೆಯಲ್ಲಿ ಸಾಗಿದರು, ತಲೆಯ ಮೇಲೆ ಆ ರಫೇಲ್‌ಗಳು ಹಾರಿದವು, ದಡದ ಅತಿಥಿಗಳಲ್ಲಿ ಫ್ರಾನ್ಸಿನ ಅಧ್ಯಕ್ಷ ಒಲಾಂದ್ ಇದ್ದರು. ಆ ಒಂದು ಮೆರವಣಿಗೆ ಹತ್ತು ಪ್ರದರ್ಶನ ಮಾಡದ ಕೆಲಸ ಮಾಡಿತು. ಮಾರುವವನೇ ತನ್ನ ಹೊಲದ ಪೈರು ಕೊಯ್ದು ಕೊಟ್ಟನೆಂದರೆ ಕೊಳ್ಳುವವನಿಗೆ ನಂಬಿಕೆ ಹುಟ್ಟುತ್ತದೆ.

ಕತಾರ್ ಕತೆ ಇನ್ನೂ ಬೇರೆ. ನಮ್ಮ ತುಮಕೂರು ಜಿಲ್ಲೆಗಿಂತ ತುಸು ದೊಡ್ಡ ದೇಶ. 2017ರ ಜೂನಿನಲ್ಲಿ ಸೌದಿ, ಎಮಿರೇಟ್ಸ್ ಮತ್ತಿತರ ನೆರೆಯವರು ಅದಕ್ಕೆ ಗಡಿ ಮುಚ್ಚಿದರು. ಅದೇ ತಿಂಗಳು ಕತಾರ್ ಅಮೆರಿಕದ 36 ಎಫ್-15 ಕೊಂಡಿತು. ಡಿಸೆಂಬರಿನ ಒಂದೇ ವಾರದಲ್ಲಿ ಇನ್ನೂ 12 ರಫೇಲ್, ಹಿಂದೆಯೇ 24 ಟೈಫೂನ್. ಮೂರು ಬಗೆಯ ವಿಮಾನಕ್ಕೆ ಮೂರು ಬಗೆಯ ಬಿಡಿಭಾಗ, ಮೂರು ಬಗೆಯ ಪೈಲಟ್ ತರಬೇತಿ. ಸೈನಿಕ ಲೆಕ್ಕದಲ್ಲಿ ಇದು ದುಂದು. ಆದರೆ ಆ ಪುಟ್ಟ ದೇಶ ಕೊಂಡದ್ದು ವಾಷಿಂಗ್ಟನ್, ಪ್ಯಾರಿಸ್, ಲಂಡನ್ ಮೂವರನ್ನೂ ಎಂದು ತಿಳಿದರೆ ಲೆಕ್ಕ ಕೂಡುತ್ತದೆ. ತನ್ನ ಗಿರಾಕಿಯ ಮನೆಗೆ ಬೆಂಕಿ ಬಿದ್ದರೆ ವ್ಯಾಪಾರಿ ಸುಮ್ಮನಿರಲಾರ. ಎಮಿರೇಟ್ಸ್ ಮಾತ್ರ ಫ್ರಾನ್ಸನ್ನು ಹತ್ತು ವರ್ಷ ಕಾಯಿಸಿತು. 2011ರ ದುಬೈ ಪ್ರದರ್ಶನದ ವೇಳೆ ಡಸಾಲ್ಟಿನ ಷರತ್ತುಗಳು ಒಪ್ಪುವಂಥವಲ್ಲವೆಂದು ಅಬುಧಾಬಿಯ ಯುವರಾಜರು ಲೋಕದೆದುರಿಗೇ ಹೇಳಿದರು. 2021ರ ಡಿಸೆಂಬರ್ 3ರಂದು ಅವರೇ 80 ರಫೇಲ್‌ಗಳಿಗೆ ಒಪ್ಪಿದರು. ರಫೇಲಿನ ಬಾಳಿನಲ್ಲಿ ಅಷ್ಟು ದೊಡ್ಡ ಹೊರದೇಶದ ವ್ಯಾಪಾರ ಅದುವರೆಗೆ ಆಗಿರಲಿಲ್ಲ.

ಈ ಗದ್ದಲದ ನಡುವೆ ಸ್ವೀಡನ್ನಿನವರು ನಿಧಾನಸ್ಥ ವರ್ತಕರು. ಸುಮಾರು ಒಂದು ಕೋಟಿ ಜನ, ಅಂದರೆ ಬೆಂಗಳೂರು ನಗರಕ್ಕಿಂತ ಕಡಿಮೆ. ಲಿನ್‌ಶೋಪಿಂಗ್ ಊರಿನಲ್ಲಿ ಸಾಬ್ ಕಂಪನಿ ತಯಾರಿಸುವ ಗ್ರಿಪೆನ್ ಹೆದ್ದಾರಿಯ ಮೇಲೇ ಇಳಿಯುತ್ತದೆ. ಕಾಡಿನ ನಡುವೆ ರಸ್ತೆ ಬದಿಗೆ ನಿಲ್ಲಿಸಿ, ಒಬ್ಬ ಪಳಗಿದ ತಂತ್ರಜ್ಞ, ಐವರು ಹೊಸ ಸೈನಿಕರು ಸೇರಿ ಹತ್ತೇ ನಿಮಿಷದಲ್ಲಿ ಇಂಧನ, ಕ್ಷಿಪಣಿ ತುಂಬಿ ಮತ್ತೆ ಹಾರಿಸುತ್ತಾರೆ. ನನಗೆ ಈ ಸಂತೆಯಲ್ಲಿ ಮನಸ್ಸಿಗೆ ಹಿಡಿಸಿದ ಸರಕು ಇದೇ. ಬಡವನ ಮನೆಯ ಅಚ್ಚುಕಟ್ಟು ಇದರಲ್ಲಿದೆ. ಬ್ರೆಜಿಲ್ ಕೂಡ ಇದನ್ನೇ ಮೆಚ್ಚಿತು. ಅಲ್ಲಿಯೂ ಮೊದಲು ಗೆದ್ದಂತಿದ್ದದ್ದು ರಫೇಲ್. 2009ರ ಸೆಪ್ಟೆಂಬರ್ 7ರ ಸ್ವಾತಂತ್ರ್ಯೋತ್ಸವಕ್ಕೆ ಅತಿಥಿಯಾಗಿ ಬಂದ ಸರ್ಕೋಜಿ, ಅಧ್ಯಕ್ಷ ಲೂಲಾ ಜೊತೆ ನಿಂತು ಮಾತುಕತೆ ಶುರುವಾಯಿತೆಂದು ಸಾರಿದ್ದರು. ಆಮೇಲೆ ಅಮೆರಿಕದ ವಿಮಾನ ಮುಂದೆ ಬಂತು. ಅಷ್ಟರಲ್ಲಿ ಅಮೆರಿಕ ತಮ್ಮ ಫೋನನ್ನೇ ಕದ್ದು ಕೇಳುತ್ತಿತ್ತೆಂದು ಅಧ್ಯಕ್ಷೆ ಜಿಲ್ಮಾ ರೂಸೆಫ್‌ಗೆ ತಿಳಿಯಿತು. ಅವರು ವಾಷಿಂಗ್ಟನ್ ಭೇಟಿಯನ್ನೇ ಕೈಬಿಟ್ಟರು. 2013ರ ಡಿಸೆಂಬರಿನಲ್ಲಿ 36 ಗ್ರಿಪೆನ್‌ಗಳಿಗೆ ಬ್ರೆಜಿಲ್ ಒಪ್ಪಿತು, ಕೆಲವನ್ನು ಗಾವಿಯಾಂವ್ ಪೆಯ್ಷೋಟು ಎಂಬ ತನ್ನದೇ ಊರಿನಲ್ಲಿ ಜೋಡಿಸುವ ಷರತ್ತಿನೊಂದಿಗೆ.

ಸ್ವಿಟ್ಜರ್ಲೆಂಡಿನಲ್ಲಿ ಮಾತ್ರ ಟವೆಲ್ಲೇ ಇರಲಿಲ್ಲ, ಅಲ್ಲಿ ಊರೇ ಕೂತು ತೀರ್ಮಾನಿಸಿತು. 22 ಗ್ರಿಪೆನ್ ಕೊಳ್ಳೋಣವೇ ಎಂಬ ಪ್ರಶ್ನೆ ಜನಮತಕ್ಕೆ ಹೋಯಿತು. ಅದಕ್ಕೆ ಮೂರು ತಿಂಗಳ ಮುಂಚೆ, 2014ರ ಫೆಬ್ರವರಿ 17ರ ನಸುಕಿನಲ್ಲಿ, ಸಹಪೈಲಟನೇ ಅಪಹರಿಸಿದ ಇಥಿಯೋಪಿಯಾದ ಪ್ರಯಾಣಿಕ ವಿಮಾನ ಜಿನೀವಾದತ್ತ ಬಂತು. ಬೆಂಗಾವಲಿಗೆ ಹಾರಿಬಂದದ್ದು ಇಟಲಿ, ಫ್ರಾನ್ಸುಗಳ ಯುದ್ಧವಿಮಾನ. ಸ್ವಿಸ್ ವಾಯುಪಡೆ ಆಗ ಕಚೇರಿ ವೇಳೆಯಲ್ಲಷ್ಟೇ ಕೆಲಸ ಮಾಡುತ್ತಿತ್ತು. ಹೊಸ ವಿಮಾನ ಬೇಕೆನ್ನುವವರಿಗೆ ಇದಕ್ಕಿಂತ ಬಲವಾದ ಸಾಕ್ಷಿ ಸಿಗಲಾರದು. ಆದರೂ ಮೇ 18ರಂದು ಶೇಕಡಾ 53.4 ಜನ ಬೇಡವೆಂದರು. ಗ್ರಿಪೆನ್ ವಾಪಸಾಯಿತು. 2020ರಲ್ಲಿ ಮತ್ತೆ ಕೇಳಿದಾಗ ಶೇಕಡಾ 50.1 ಜನ ಹೂಂ ಎಂದರು, ಮರುವರ್ಷ ಸರ್ಕಾರ ಎಫ್-35 ಆರಿಸಿತು. ಫಲ ಏನೇ ಇರಲಿ, ಹಾಲು ಕರೆಯುವ ರೈತನೂ ಗಡಿಯಾರ ಕೂಡಿಸುವವಳೂ ಯುದ್ಧವಿಮಾನದ ಬೆಲೆ ಕೇಳಿ ಮತ ಹಾಕಿದ ಆ ಭಾನುವಾರಗಳ ಬಗ್ಗೆ ನನಗೆ ಗೌರವವಿದೆ.

ಗ್ರಿಪೆನ್ನಿಗೂ ಒಂದು ಊನವಿದೆ, ಅದು ನಮಗೆ ಹಳೆಯ ಪರಿಚಯ. ಅದರ ಎಂಜಿನ್ನಿನ ಬೇರು ಅಮೆರಿಕದ್ದು. 1978ರಲ್ಲಿ ಭಾರತ ದಾಳಿ ವಿಮಾನ ಹುಡುಕುತ್ತಿದ್ದಾಗಲೂ ಇದೇ ಮನೆಗಳು ಬಾಗಿಲಿಗೆ ಬಂದಿದ್ದವು: ಆಂಗ್ಲೋ-ಫ್ರೆಂಚ್ ಜಾಗ್ವಾರ್, ಫ್ರಾನ್ಸಿನ ಮಿರಾಜ್ ಎಫ್1, ಸ್ವೀಡನ್ನಿನ ವಿಗ್ಗೆನ್. ವಿಗ್ಗೆನ್ನಿನ ಎಂಜಿನ್ನಿನಲ್ಲಿ ಅಮೆರಿಕದ ತಂತ್ರಜ್ಞಾನವಿತ್ತು, ಕಾರ್ಟರ್ ಸರ್ಕಾರ ಬೇಡವೆಂದಿತು, ಸ್ವೀಡನ್ ಕೈಕಟ್ಟಿ ಕೂತಿತು. ಜಾಗ್ವಾರ್ ಬಂತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಅದನ್ನು ಜೋಡಿಸಿದರು, ಆಮೇಲೆ ಕಟ್ಟಿದರು. ರಸ್ತೆ ಬದಿಯ ಹಿರಿಯರು ರಿವೆಟ್ ಹೊಡೆದದ್ದು ಅವಕ್ಕೇ. ಫ್ರಾನ್ಸ್ ತನ್ನ ಜಾಗ್ವಾರ್‌ಗಳನ್ನು 2005ರಲ್ಲಿ ಬಿಟ್ಟುಕೊಟ್ಟಿತು, ಬ್ರಿಟನ್ 2007ರಲ್ಲಿ, ಒಮಾನ್ 2014ರಲ್ಲಿ. ಈಗ ಜಗತ್ತಿನಲ್ಲಿ ಅದನ್ನು ಹಾರಿಸುತ್ತಿರುವುದು ಭಾರತವೊಂದೇ. ಬೇರೆಯವರು ಕಳಚಿಟ್ಟ ಹಳೆಯ ಮೈಗಳನ್ನು ತಂದು ಬಿಡಿಭಾಗ ತೆಗೆದು ನಾವು ಹಾರಿಸುತ್ತಿದ್ದೇವೆ. "ವಿಮಾನ ತಗೊಳ್ಳೋದು ಒಂದು ದಿನ ಸಾರ್, ಸ್ಪೇರ್ ತಗೊಳ್ಳೋದು ನಲವತ್ತು ವರ್ಷ" ಎಂದು ಅವರು ಅಂದ ಮಾತು ಆಗ ನನಗೆ ಪೂರ್ತಿ ಹತ್ತಿರಲಿಲ್ಲ.

ಮಾರುವವರು ಮಾರುವುದು ಆ ನಲವತ್ತು ವರ್ಷವನ್ನೇ. ವಿಮಾನದ ಜೊತೆ ಕ್ಷಿಪಣಿ, ಸಿಮ್ಯುಲೇಟರ್, ಓವರ್‌ಹಾಲ್, ಸಾಫ್ಟ್‌ವೇರಿನ ಬೀಗದ ಕೈ ಎಲ್ಲ ಅವರ ಬಳಿಯೇ. ಅದಕ್ಕೆ ಬದಲಾಗಿ ಕೊಳ್ಳುವ ದೇಶ ಕೇಳುವುದು ಆಫ್‌ಸೆಟ್: ನಾನು ಕೊಟ್ಟ ಹಣದಲ್ಲಿ ಇಷ್ಟು ಪಾಲಿನ ಕೆಲಸ ನನ್ನ ನೆಲದಲ್ಲಿ ಆಗಬೇಕು. ಭಾರತ ಶೇಕಡಾ 50 ಕೇಳಿತು. ಅದಕ್ಕಿಂತ ಮುಖ್ಯವಾಗಿ, 126ರಲ್ಲಿ 18 ಮಾತ್ರ ಹಾರಿಕೊಂಡು ಬರಲಿ, 108 ಎಚ್‌ಎಎಲ್‌ನಲ್ಲಿ ತಯಾರಾಗಲಿ ಎಂದಿತು. 2011ರ ಏಪ್ರಿಲಿನಲ್ಲಿ ಕಣದಲ್ಲಿ ಉಳಿದದ್ದು ಆ ಎರಡು ದಾಯಾದಿಗಳು, ರಫೇಲ್ ಮತ್ತು ಟೈಫೂನ್. 2012ರ ಜನವರಿ 31ರಂದು ಕಡಿಮೆ ಬೆಲೆಯ ಲೆಕ್ಕದಲ್ಲಿ ರಫೇಲ್ ಗೆದ್ದಿತು. ಅಂದು ಫಿಟ್ಟರ್ ಹಿರಿಯರಿಗೆ ಎಷ್ಟು ಸಂತೋಷವಾಗಿರಬೇಕೆಂದು ಊಹಿಸಿಕೊಂಡೆ.

ಆಮೇಲೆ ಬೆರಳುಗಳು ಟವೆಲ್ಲಿನ ಕೆಳಗೆ ಹೋದವು. ಮೂರು ವರ್ಷ ಹೊರಬರಲಿಲ್ಲ. ಎಚ್‌ಎಎಲ್ ಕಟ್ಟಿದ ವಿಮಾನಕ್ಕೆ ಹೊಣೆ ಯಾರು ಎಂಬಲ್ಲಿ ಜಗ್ಗಾಟ. ಇಲ್ಲಿ ಕಟ್ಟಲು ಅಲ್ಲಿಗಿಂತ ಎಷ್ಟು ಹೆಚ್ಚು ಕೆಲಸದ ಗಂಟೆ ಹಿಡಿಯುತ್ತದೆ, ಅದರ ಖರ್ಚು ಯಾರದು ಎಂಬಲ್ಲಿ ಇನ್ನೊಂದು. 2015ರ ಮಾರ್ಚ್ ಕೊನೆಯಲ್ಲಿ ಡಸಾಲ್ಟಿನ ಮುಖ್ಯಸ್ಥ ಎರಿಕ್ ಟ್ರಾಪಿಯರ್ ಮಾತುಕತೆ ಮುಗಿಯುತ್ತ ಬಂದಿದೆಯೆಂದು ಹೇಳಿದರು. ಏಪ್ರಿಲ್ 10ರಂದು ಪ್ಯಾರಿಸ್ಸಿನಲ್ಲಿ ಪ್ರಧಾನಿ ನರೇಂದ್ರ ಮೋದಿ 36 ರಫೇಲ್‌ಗಳನ್ನು ಸಿದ್ಧರೂಪದಲ್ಲೇ ಕೊಳ್ಳುವುದಾಗಿ ಪ್ರಕಟಿಸಿದರು. 126ರ ಟೆಂಡರ್ ಮುಗಿದುಹೋಯಿತು. 2016ರ ಸೆಪ್ಟೆಂಬರ್ 23ರಂದು ಸುಮಾರು 787 ಕೋಟಿ ಯೂರೋಗೆ ಸಹಿಯಾಯಿತು. ಬೆಲೆಯ ಬಗ್ಗೆ, ಆಫ್‌ಸೆಟ್ ಪಾಲುದಾರರ ಬಗ್ಗೆ ದೇಶವೆಲ್ಲ ಜಗಳವಾಡಿತು. ತನಿಖೆ ಕೋರಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ವಾಯುಪಡೆಗೆ ತುರ್ತಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮಿಗ್-21ಗಳು 2025ರ ಸೆಪ್ಟೆಂಬರಿನಲ್ಲಿ ನಿವೃತ್ತವಾದ ಮೇಲೆ 42 ಸ್ಕ್ವಾಡ್ರನ್ ಇರಬೇಕಾದಲ್ಲಿ ಉಳಿದದ್ದು 29. ಆದರೆ ಆ ಜಗಳದಲ್ಲಿ ದಿಲ್ಲಿಯ ಹೆಸರುಗಳೇ ಕೇಳಿಸಿದವು. ಬೆಂಗಳೂರಿನ ಕೆಲಸಗಾರರ ಕೈಗಳು ಏನನ್ನು ಕಲಿಯದೆ ಉಳಿದವು ಎಂಬ ಲೆಕ್ಕವನ್ನು ಕೇಳಿದವರು ಕಡಿಮೆ.

1940ರಲ್ಲಿ ವಾಲ್‌ಚಂದ್ ಹೀರಾಚಂದರೂ ಮೈಸೂರು ಸಂಸ್ಥಾನವೂ ಸೇರಿ ಕಟ್ಟಿದ ಕಾರ್ಖಾನೆ ಎಚ್‌ಎಎಲ್. 1961ರಲ್ಲೇ ಅಲ್ಲಿಂದ ಮಾರುತ್ ಎಂಬ ಸ್ವದೇಶಿ ಯುದ್ಧವಿಮಾನ ಹಾರಿತ್ತು. ಈಗ ಅಲ್ಲಿ ತೇಜಸ್ ತಯಾರಾಗುತ್ತಿದೆ. ಅದರ ಎಂಜಿನ್ ಕೂಡ ಅಮೆರಿಕದಿಂದಲೇ ಬರಬೇಕು, ಬರುವುದು ತಡವಾದರೆ ವಿಮಾನದ ಮೈ ಹಾಂಗರಿನಲ್ಲಿ ಕಾಯಬೇಕು. ಒಳ್ಳೆಯ ಎಂಜಿನ್ ಇಲ್ಲದೆ ಮಾರುತ್ ಸೊರಗಿತು. ಆ ಪಾಠವನ್ನು ಅರವತ್ತು ವರ್ಷ ಮುಂದೂಡಿದ ದೇಶ ಪ್ರತಿ ಏರ್ ಷೋದಲ್ಲೂ ಕೊಳ್ಳುವವರ ಸಾಲಿನಲ್ಲೇ ನಿಲ್ಲಬೇಕಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಮಧ್ಯಾಹ್ನದ ಕೊನೆಯ ವಿಮಾನ ಇಳಿದ ಮೇಲೆ ಜನ ಕರಗಿದರು. ಕಡಲೆಕಾಯಿಯ ಸಿಪ್ಪೆ ರಸ್ತೆ ತುಂಬ. ಹಿರಿಯರು ಬಸ್ಸಿಗೆ ಕಾಯುತ್ತ ಒಂದು ಮಾತು ಕೇಳಿದರು: "ಯಾವುದಾದ್ರೂ ಗೆಲ್ಲಲಿ ಸಾರ್. ನಮ್ಮ ಫ್ಯಾಕ್ಟರೀಲಿ ಎಷ್ಟು ಮಾಡ್ತಾರಂತೆ?" ನೂರ ಎಂಟು ಎಂದೆ. "ನೂರ ಎಂಟಾ!" ಎಂದು ಅವರು ಎರಡು ಸಲ ಅಂದರು. ಬಸ್ಸು ಬಂತು.

ಅಂಬಾಲಾಕ್ಕೆ ಮೊದಲ ಐದು ರಫೇಲ್ ಬಂದಿಳಿದದ್ದು 2020ರ ಜುಲೈ 29ರಂದು. 36ಕ್ಕೆ 36ನ್ನೂ ಮೆರಿನ್ಯಾಕ್‌ನಲ್ಲೇ ಜೋಡಿಸಿದರು. ಬೆಂಗಳೂರಿನಲ್ಲಿ ತಯಾರಾಗಬೇಕಿದ್ದ 108ರಲ್ಲಿ ಒಂದೂ ತಯಾರಾಗಲಿಲ್ಲ.